ಅಂಗಡಿಯಲ್ಲಿ ಸರಕು ಮೈಮೇಲೆ ಬಿದ್ದು ಗಾಯವಾದರೆ: ಕಾನೂನಿನಲ್ಲಿರುವ ದಾರಿಗಳು

ದೀಪಾವಳಿ ಹತ್ತಿರ ಬಂದರೆ, ಮನೆಯಲ್ಲಿ ಮದುವೆ ನಿಶ್ಚಯವಾದರೆ, ಊರ ಬಸದಿಯಲ್ಲಿ ಪಂಚಕಲ್ಯಾಣ ನಡೆಯುವುದಿದ್ದರೆ ಇಡೀ ಮನೆಯವರು ಪೇಟೆಗೆ ಹೊರಡುತ್ತೇವೆ. ಇಕ್ಕಟ್ಟಾದ ಅಂಗಡಿ, ಚಾವಣಿಯವರೆಗೆ ಪೇರಿಸಿದ ಪೆಟ್ಟಿಗೆಗಳು, ಏಣಿ ಹತ್ತಿ ಮೇಲಿನ ಸಾಲಿನಿಂದ ಸರಕು ಇಳಿಸುವ ಹುಡುಗ, ಕೆಳಗೆ ಗುಂಪುಗೂಡಿದ ಗಿರಾಕಿಗಳು. ಬಹಳ ಸಲ ಏನೂ ಆಗುವುದಿಲ್ಲ. ಆದರೆ ಒಂದು ಮಿಕ್ಸಿ ಪೆಟ್ಟಿಗೆಯೋ, ಹಿತ್ತಾಳೆ ಕೊಡವೋ, ಬಟ್ಟೆಯ ಥಾನೋ ಹತ್ತಡಿ ಎತ್ತರದಿಂದ ತಲೆಯ ಮೇಲೆ ಬಿದ್ದರೆ ಹೊಲಿಗೆ, ಸ್ಕ್ಯಾನ್, ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಹಾಸಿಗೆ ಎಂದು ಮನೆಯ ಲೆಕ್ಕವೇ ತಲೆಕೆಳಗಾಗುತ್ತದೆ.

ನಮ್ಮ ಸಮಾಜದವರು ಇಂಥ ಅಂಗಡಿಗಳಿಗೆ ಗಿರಾಕಿಗಳಾಗಿ ಹೋಗುತ್ತಾರೆ. ಇಂಥ ಅಂಗಡಿಗಳ ಯಜಮಾನರೂ ಆಗಿದ್ದಾರೆ. ಆದ್ದರಿಂದ ಈ ಲೇಖನ ಇಬ್ಬರಿಗೂ ಬೇಕಾದದ್ದು. ಗಾಯಗೊಂಡವರು ಏನು ಮಾಡಬೇಕು, ಪರಿಹಾರಕ್ಕೆ ಯಾವ ದಾರಿಗಳಿವೆ, ಯಾವುದಕ್ಕೆ ಎಷ್ಟು ಕಾಲಮಿತಿ, ಅಂಗಡಿಯವರ ಹೊಣೆ ಏನು ಎಂಬುದನ್ನು ಇಲ್ಲಿ ಕ್ರಮವಾಗಿ ಕೊಡಲಾಗಿದೆ.

ದೂರು ಕೊಡುವುದು ಕ್ಷಮಾಧರ್ಮಕ್ಕೆ ವಿರುದ್ಧವೇ?

ಇಂಥ ಘಟನೆ ನಡೆದ ಅನೇಕ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ ಇದು. “ಬೇಕೆಂದು ಬೀಳಿಸಿದ್ದಲ್ಲವಲ್ಲ, ಬಿಟ್ಟುಬಿಡೋಣ, ನಮ್ಮ ಕರ್ಮ” ಎಂದು ಹಿರಿಯರು ಹೇಳುವುದುಂಟು. ಅಂಗಡಿ ನಮ್ಮವರದ್ದೇ ಆಗಿದ್ದರೆ ಸಂಕೋಚ ಇನ್ನೂ ಹೆಚ್ಚು.

ದಶಲಕ್ಷಣ ಧರ್ಮಗಳಲ್ಲಿ ಉತ್ತಮ ಕ್ಷಮೆಗೆ ಮೊದಲ ಸ್ಥಾನ. ಕ್ಷಮೆ ಎಂದರೆ ಕ್ರೋಧವನ್ನು, ವೈರವನ್ನು ಬಿಡುವುದು. ಆಸ್ಪತ್ರೆಯ ಸಾಲವನ್ನು ಗಾಯಗೊಂಡವರ ಮನೆಯೇ ಹೊರಬೇಕು ಎಂಬ ಅರ್ಥ ಅದಕ್ಕಿಲ್ಲ. ಅಂಗಡಿಯವರ ಮೇಲೆ ದ್ವೇಷವಿಲ್ಲದೆಯೂ ಆದ ನಷ್ಟವನ್ನು ಕೇಳಬಹುದು. ಗಾಯವಾದದ್ದು ಮಗುವಿಗೋ ವೃದ್ಧ ತಾಯಿಗೋ ಆಗಿದ್ದರೆ, ಅವರಿಗೆ ಸಲ್ಲಬೇಕಾದದ್ದನ್ನು ಸಂಕೋಚಕ್ಕಾಗಿ ಬಿಟ್ಟುಕೊಡುವ ಅಧಿಕಾರ ನಮಗಿದೆಯೇ ಎಂದೂ ಯೋಚಿಸಬೇಕು.

ಇನ್ನೊಂದು ಮಾತು. ಜೈನ ಶಾಸ್ತ್ರದಲ್ಲಿ ಹಿಂಸೆಯ ವಿಚಾರ ಬಂದಾಗ ಪ್ರಮಾದದ ವಿಚಾರವೂ ಜೊತೆಯಲ್ಲೇ ಬರುತ್ತದೆ. ಮುನಿಗಳು ಪಾಲಿಸುವ ಐದು ಸಮಿತಿಗಳಲ್ಲಿ ಆದಾನ-ನಿಕ್ಷೇಪಣ ಸಮಿತಿ ಒಂದು. ಯಾವ ವಸ್ತುವನ್ನೇ ಆಗಲಿ ನೋಡಿ ಎತ್ತಬೇಕು, ನೋಡಿ ಇಡಬೇಕು, ಅದರಿಂದ ಯಾವ ಜೀವಕ್ಕೂ ನೋವಾಗಬಾರದು ಎಂಬುದು ಅದರ ತಿರುಳು. ಗೃಹಸ್ಥರಿಗೆ ಮುನಿಗಳಷ್ಟು ಕಟ್ಟುನಿಟ್ಟು ಇಲ್ಲದಿರಬಹುದು. ಆದರೆ ಜನ ಓಡಾಡುವ ಜಾಗದಲ್ಲಿ ಭಾರದ ಪೆಟ್ಟಿಗೆಯನ್ನು ಅಂಚಿಗೆ ತಂದಿಟ್ಟು “ಬೇಕೆಂದು ಮಾಡಿಲ್ಲ” ಎಂದರೆ ಹೊಣೆ ತೀರುವುದಿಲ್ಲ. ಕಾನೂನು ‘ನಿರ್ಲಕ್ಷ್ಯ’ ಎಂಬ ಹೆಸರಿನಲ್ಲಿ ಕೇಳುವುದೂ ಇದೇ ಎಚ್ಚರವನ್ನು.

ಕಾನೂನು ಏನನ್ನು ನೋಡುತ್ತದೆ?

ಪರಿಹಾರ ಸಿಗಬೇಕಾದರೆ ಮೂರು ವಿಷಯಗಳು ಸ್ಪಷ್ಟವಾಗಬೇಕು.

1. ಅಂಗಡಿಗೆ ಬಂದವರ ಸುರಕ್ಷತೆಯ ಬಗ್ಗೆ ಎಚ್ಚರ ವಹಿಸುವ ಕರ್ತವ್ಯ ಅಂಗಡಿಯವರಿಗೆ ಇತ್ತು. ಗಿರಾಕಿಗಳನ್ನು ಒಳಗೆ ಕರೆದು ವ್ಯಾಪಾರ ಮಾಡುವವರಿಗೆ ಈ ಕರ್ತವ್ಯ ಇದ್ದೇ ಇರುತ್ತದೆ.
2. ಆ ಎಚ್ಚರ ತಪ್ಪಿತು. ಉದಾಹರಣೆಗೆ, ಭಾರದ ಸರಕನ್ನು ಮೇಲಿಟ್ಟು ಹಗುರವಾದದ್ದನ್ನು ಕೆಳಗಿಟ್ಟಿದ್ದರು. ರ‍್ಯಾಕನ್ನು ಗೋಡೆಗೆ ಬಿಗಿದಿರಲಿಲ್ಲ. ಗಿರಾಕಿಗಳು ಕೆಳಗೆ ನಿಂತಿರುವಾಗಲೇ ಮೇಲಿನಿಂದ ಸರಕು ಎಳೆದರು.
3. ಗಾಯ ಆಗಿದ್ದು ಅದರಿಂದಲೇ.

ಸರಕನ್ನು ಯಾರು, ಯಾವಾಗ, ಹೇಗೆ ಪೇರಿಸಿದರು ಎಂಬುದು ಗಿರಾಕಿಗೆ ಗೊತ್ತಾಗುವುದು ಹೇಗೆ ಎಂದು ನೀವು ಕೇಳಬಹುದು. ಈ ತೊಡಕಿಗೆ ನ್ಯಾಯಾಲಯಗಳು ಬಹಳ ಹಿಂದೆಯೇ ಉತ್ತರ ಕಂಡುಕೊಂಡಿವೆ. 1863ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು ಬೈರ್ನ್ ಮತ್ತು ಬೋಡ್ಲ್ ನಡುವಿನ ಪ್ರಕರಣವನ್ನು ತೀರ್ಮಾನಿಸಿತು. ಲಿವರ್‌ಪೂಲ್‌ನಲ್ಲಿ ಹಿಟ್ಟಿನ ವ್ಯಾಪಾರಿಯೊಬ್ಬನ ಅಂಗಡಿಯ ಮೇಲ್ಭಾಗದಿಂದ ಹಿಟ್ಟಿನ ಪೀಪಾಯಿ ಉರುಳಿ, ಬೀದಿಯಲ್ಲಿ ಹೋಗುತ್ತಿದ್ದವನ ಮೇಲೆ ಬಿದ್ದಿತ್ತು. ಪೀಪಾಯಿ ತಾನಾಗಿ ಬೀಳುವಂಥದ್ದಲ್ಲ, ಅದನ್ನು ಕಾಯಬೇಕಾದವರು ಕಾಯದೆ ಇದ್ದುದರಿಂದಲೇ ಬಿದ್ದಿದೆ, ಹಾಗಲ್ಲ ಎನ್ನುವುದಾದರೆ ಅದನ್ನು ವ್ಯಾಪಾರಿಯೇ ತೋರಿಸಲಿ ಎಂಬುದು ನ್ಯಾಯಾಲಯದ ನಿಲುವಾಗಿತ್ತು. ‘ಘಟನೆಯೇ ನಿರ್ಲಕ್ಷ್ಯಕ್ಕೆ ಸಾಕ್ಷಿ’ ಎಂಬ ಈ ತತ್ವ ಭಾರತದಲ್ಲೂ ಅನ್ವಯವಾಗುತ್ತದೆ. ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ಜನ ಸತ್ತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1966ರಲ್ಲಿ ಇದೇ ತತ್ವದ ಮೇಲೆ ದೆಹಲಿ ನಗರಪಾಲಿಕೆಯನ್ನು ಹೊಣೆ ಮಾಡಿತು.

ಹಾಗೆಂದು ಗಿರಾಕಿಯ ತಪ್ಪನ್ನು ಕಾನೂನು ಕಡೆಗಣಿಸುವುದಿಲ್ಲ. ‘ಹತ್ತಬೇಡಿ’ ಎಂದರೂ ಏಣಿ ಹತ್ತಿದವರು, ಕೆಳಗಿನ ಪೆಟ್ಟಿಗೆಯನ್ನು ತಾವೇ ಎಳೆದವರು ತಮ್ಮ ಪಾಲಿನ ತಪ್ಪಿಗೆ ತಕ್ಕಷ್ಟು ಪರಿಹಾರವನ್ನು ಕಳೆದುಕೊಳ್ಳುತ್ತಾರೆ. ಚಿಕ್ಕ ಮಕ್ಕಳನ್ನು ಮಾತ್ರ ದೊಡ್ಡವರ ಅಳತೆಗೋಲಿನಿಂದ ಅಳೆಯುವುದಿಲ್ಲ.

‘ಏನಾದರೂ ಆದರೆ ಅಂಗಡಿಯವರು ಜವಾಬ್ದಾರರಲ್ಲ’ ಎಂಬ ಫಲಕವನ್ನು ಕೆಲವೆಡೆ ತೂಗುಹಾಕಿರುತ್ತಾರೆ. ಫಲಕ ತೂಗುಹಾಕಿದ ಮಾತ್ರಕ್ಕೆ ನಿರ್ಲಕ್ಷ್ಯದ ಹೊಣೆ ಇಲ್ಲವಾಗುವುದಿಲ್ಲ. ಅದನ್ನು ನೋಡಿ ಹಿಂಜರಿಯಬೇಡಿ.

ಮೊದಲ ಒಂದು ವಾರ: ಇದೇ ನಿರ್ಣಾಯಕ

ಇಂಥ ಪ್ರಕರಣ ಸೋಲುವುದು ಹೆಚ್ಚಾಗಿ ಕಾನೂನಿನ ಕೊರತೆಯಿಂದಲ್ಲ, ಸಾಕ್ಷ್ಯದ ಕೊರತೆಯಿಂದ. ಬಿದ್ದ ಪೆಟ್ಟಿಗೆಯನ್ನು ಹತ್ತು ನಿಮಿಷದಲ್ಲಿ ಎತ್ತಿಡುತ್ತಾರೆ. ರ‍್ಯಾಕನ್ನು ಮಾರನೆಯ ದಿನವೇ ಸರಿಪಡಿಸುತ್ತಾರೆ. ಸಿಸಿಟಿವಿಯಲ್ಲಿ ಹಳೆಯ ದೃಶ್ಯದ ಮೇಲೆ ಹೊಸ ದೃಶ್ಯ ತಾನಾಗಿ ದಾಖಲಾಗುತ್ತ ಹೋಗುತ್ತದೆ.

• ಮೊದಲು ಆಸ್ಪತ್ರೆ. ತಲೆಗೆ ಪೆಟ್ಟಾಗಿದ್ದರೆ “ಸ್ವಲ್ಪ ಊದಿದೆ ಅಷ್ಟೆ” ಎಂದು ಮನೆಗೆ ಬರಬೇಡಿ. ವಾಂತಿ, ಮಂಪರು, ಹೆಚ್ಚುತ್ತಿರುವ ತಲೆನೋವು ಕಂಡರೆ ತಕ್ಷಣ ವೈದ್ಯರಿಗೆ ತೋರಿಸಿ.
• ಆಸ್ಪತ್ರೆಯಲ್ಲಿ “ಇಂಥ ಅಂಗಡಿಯಲ್ಲಿ ಸರಕು ಬಿದ್ದು ಗಾಯವಾಯಿತು” ಎಂದೇ ಹೇಳಿ, ಹಾಗೆಯೇ ಬರೆಸಿ. “ಮನೆಯಲ್ಲಿ ಜಾರಿ ಬಿದ್ದರು” ಎಂದು ದಾಖಲಾದರೆ ಮುಂದೆ ಅದೇ ನಿಮಗೆ ಮುಳುವಾಗುತ್ತದೆ. ಅಗತ್ಯವಿದ್ದರೆ ಎಂ.ಎಲ್.ಸಿ. ಮಾಡಿಸಿ, ಗಾಯದ ಪ್ರಮಾಣಪತ್ರ ಪಡೆಯಿರಿ.
• ಜೊತೆಯಲ್ಲಿದ್ದವರು ಬಿದ್ದ ವಸ್ತು, ಅದು ಇದ್ದ ಜಾಗ, ರ‍್ಯಾಕ್, ಏಣಿ, ಗಾಯ ಇವುಗಳ ಫೋಟೊ ಮತ್ತು ವಿಡಿಯೊ ತೆಗೆಯಲಿ. ಬಿದ್ದ ವಸ್ತುವಿನ ಪೆಟ್ಟಿಗೆಯ ಮೇಲೆ ತೂಕ ಬರೆದಿದ್ದರೆ ಅದನ್ನೂ ತೆಗೆಯಿರಿ.
• ನೋಡಿದವರ ಹೆಸರು, ಫೋನ್ ನಂಬರ್ ಬರೆದುಕೊಳ್ಳಿ. ಪಕ್ಕದ ಅಂಗಡಿಯವರು, ಬೇರೆ ಗಿರಾಕಿಗಳು ಯಾರಾದರೂ ಆದೀತು.
• ಬಿಲ್ ಜೋಪಾನವಾಗಿಡಿ. ಬಿಲ್ ಇಲ್ಲದಿದ್ದರೆ ಯುಪಿಐ ಅಥವಾ ಕಾರ್ಡ್ ಪಾವತಿಯ ದಾಖಲೆ ಇಟ್ಟುಕೊಳ್ಳಿ. ಬಿಲ್ಲಿನ ಮೇಲಿರುವ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹುಡುಕಿದರೆ ಅಂಗಡಿ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ತಿಳಿಯುತ್ತದೆ. ನೋಟಿಸ್ ಕೊಡಲು ಅದು ಬೇಕು.
• ಅಂಗಡಿಗೆ ಬರಹದಲ್ಲಿ ತಿಳಿಸಿ, ಸಿಸಿಟಿವಿ ದೃಶ್ಯ ಅಳಿಸದಂತೆ ಕೇಳಿ. ಪತ್ರದ ಮಾದರಿ ಲೇಖನದ ಕೊನೆಯಲ್ಲಿದೆ.
• ಔಷಧಿ, ಸ್ಕ್ಯಾನ್, ಆಟೊ ಬಾಡಿಗೆ ಎಲ್ಲದರ ರಸೀದಿ ಒಂದು ಕಡತದಲ್ಲಿಡಿ. ಮೆಡಿಕ್ಲೇಮ್ ಇದ್ದರೆ ವಿಮಾ ಕಂಪನಿ ಅಸಲು ಬಿಲ್‌ಗಳನ್ನು ಕೇಳಬಹುದು. ಕೊಡುವ ಮೊದಲು ಎಲ್ಲದರ ನಕಲು ಮಾಡಿಸಿಟ್ಟುಕೊಳ್ಳಿ.

ಒಂದು ಎಚ್ಚರಿಕೆ. ಅಂಗಡಿಯವರು ಮಾನವೀಯತೆಯಿಂದ ಆಸ್ಪತ್ರೆಯ ಖರ್ಚು ಕೊಟ್ಟರೆ ಪಡೆಯಿರಿ, ‘ಆಸ್ಪತ್ರೆ ಖರ್ಚಿಗಾಗಿ’ ಎಂದು ರಸೀದಿ ಕೊಡಿ. ಆದರೆ ‘ಇನ್ನು ಮುಂದೆ ಯಾವ ಹಕ್ಕೂ ಇಲ್ಲ’ ಎಂಬ ಅರ್ಥದ ಕಾಗದಕ್ಕೆ ಚಿಕಿತ್ಸೆ ಪೂರ್ತಿಯಾಗುವ ಮುನ್ನ ಸಹಿ ಹಾಕಬೇಡಿ. ಮೂಳೆ ಕೂಡಿತೇ, ಕೈ ಮೊದಲಿನಂತೆ ಎತ್ತಲು ಬರುತ್ತದೆಯೇ ಎಂಬುದು ಮೊದಲ ವಾರದಲ್ಲಿ ವೈದ್ಯರಿಗೂ ಗೊತ್ತಿರುವುದಿಲ್ಲ.

ದಾರಿ 1: ಮಾತುಕತೆ, ವಿಮೆ, ಲೋಕ ಅದಾಲತ್

ಸಣ್ಣಪುಟ್ಟ ಗಾಯಕ್ಕೆ ಇದೇ ಒಳ್ಳೆಯ ದಾರಿ. ಎಷ್ಟೋ ಅಂಗಡಿಗಳು ‘ಶಾಪ್‌ಕೀಪರ್’ ವಿಮೆ ಮಾಡಿಸಿರುತ್ತವೆ. ಅದರಲ್ಲಿ ಬೆಂಕಿ, ಕಳ್ಳತನದ ಜೊತೆಗೆ ಮೂರನೆಯವರಿಗೆ ಆಗುವ ಗಾಯದ ಹೊಣೆಯ ಭಾಗವನ್ನೂ ಸೇರಿಸಿಕೊಳ್ಳಲು ಅವಕಾಶವಿದೆ. “ನಿಮ್ಮ ವಿಮೆಯಲ್ಲಿ ಇದು ಸೇರಿದೆಯೇ, ವಿಮಾ ಕಂಪನಿಗೆ ತಿಳಿಸಿದ್ದೀರಾ?” ಎಂದು ಕೇಳಿ. ಎಷ್ಟೋ ಸಲ ಅಂಗಡಿಯ ಯಜಮಾನರಿಗೇ ಅದರ ನೆನಪಿರುವುದಿಲ್ಲ.

ಮಾತುಕತೆ ನಡೆದು ಮೊತ್ತ ಒಪ್ಪಿಗೆಯಾದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಅಥವಾ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಕೇಸು ಹಾಕುವ ಮೊದಲೇ ಇದು ಸಾಧ್ಯ, ಶುಲ್ಕವಿಲ್ಲ. ಲೋಕ ಅದಾಲತ್‌ನ ತೀರ್ಪಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ ಬಲ. ಅದರ ಮೇಲೆ ಮೇಲ್ಮನವಿ ಇಲ್ಲ, ಆದ್ದರಿಂದ ಮೊತ್ತವನ್ನು ಯೋಚಿಸಿ ಒಪ್ಪಿಕೊಳ್ಳಿ.

ಮಹಿಳೆಯರು ಮತ್ತು ಮಕ್ಕಳು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಸಹಾಯವಾಣಿ 15100.

ಎರಡೂ ಕಡೆಯವರು ನಮ್ಮವರೇ ಆಗಿದ್ದರೆ ಸಮಾಜದ ಹಿರಿಯರನ್ನು ಕೂರಿಸಿಕೊಂಡು ಮಾತನಾಡುವುದು ಒಳ್ಳೆಯದೇ. ಆದರೆ ಆದ ಒಪ್ಪಂದ ಬರಹದಲ್ಲಿರಲಿ. ಮಾತುಕತೆ ಎಳೆದಾಡುತ್ತ ಕಾಲಮಿತಿ ಮೀರಿಹೋಗದಂತೆ ನೋಡಿಕೊಳ್ಳಿ.

ದಾರಿ 2: ಗ್ರಾಹಕ ಆಯೋಗ

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಇದರಡಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಕೊಡಬಹುದು. ಸಾಮಾನ್ಯ ಕುಟುಂಬಗಳಿಗೆ ಇದರಲ್ಲಿ ಹಲವು ಅನುಕೂಲಗಳಿವೆ.

• ಯಾವ ಆಯೋಗ ಎಂಬುದು ನೀವು ಕೇಳುವ ಪರಿಹಾರದ ಮೇಲಲ್ಲ, ಅಂಗಡಿಗೆ ಕೊಟ್ಟ ಹಣದ ಮೇಲೆ ನಿರ್ಧಾರವಾಗುತ್ತದೆ. ಕೊಟ್ಟ ಹಣ 50 ಲಕ್ಷ ರೂಪಾಯಿಯವರೆಗಿದ್ದರೆ ಜಿಲ್ಲಾ ಆಯೋಗ. 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ. 3,000 ರೂಪಾಯಿಯ ಪಾತ್ರೆ ಕೊಂಡವರು 8 ಲಕ್ಷ ಪರಿಹಾರ ಕೇಳಿದರೂ ಜಿಲ್ಲಾ ಆಯೋಗಕ್ಕೇ ಹೋಗುತ್ತಾರೆ, ಶುಲ್ಕ ಕಟ್ಟುವುದಿಲ್ಲ.
• ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಗಾಯಗೊಂಡ ಮೂಡುಬಿದಿರೆಯವರು ದಕ್ಷಿಣ ಕನ್ನಡದ ಜಿಲ್ಲಾ ಆಯೋಗಕ್ಕೆ ಹೋಗಬಹುದು.
• ವಕೀಲರಿಲ್ಲದೆ ನೀವೇ ವಾದಿಸಬಹುದು. ‘ಇ-ಜಾಗೃತಿ’ ಪೋರ್ಟಲ್ ಮೂಲಕ ಮನೆಯಿಂದಲೇ ದೂರು ಸಲ್ಲಿಸಬಹುದು. ಮಾಹಿತಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.
• ಎದುರು ಪಕ್ಷ 30 ದಿನಗಳಲ್ಲಿ ಉತ್ತರ ಕೊಡಬೇಕು. ಆಯೋಗ ಹೆಚ್ಚೆಂದರೆ ಇನ್ನೂ 15 ದಿನ ಕೊಡಬಹುದು. ವಸ್ತುವಿನ ಪ್ರಯೋಗಾಲಯ ಪರೀಕ್ಷೆ ಬೇಡದ ದೂರನ್ನು ಮೂರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಹೆಚ್ಚು ಕಾಲ ಹಿಡಿಯಬಹುದು.

ಕಾಲಮಿತಿ ಘಟನೆಯಿಂದ 2 ವರ್ಷ. ತಡವಾದರೆ ಸಕಾರಣ ತೋರಿಸಿ ಮನ್ನಿಸುವಂತೆ ಕೇಳಬೇಕಾಗುತ್ತದೆ.

ಈ ದಾರಿಯ ತೊಡಕನ್ನೂ ತಿಳಿದಿರಬೇಕು. ಎದುರು ಪಕ್ಷದಿಂದ ಎರಡು ತಕರಾರುಗಳನ್ನು ನಿರೀಕ್ಷಿಸಿ. ಒಂದು, “ಇವರು ಏನನ್ನೂ ಕೊಂಡಿಲ್ಲ, ಗ್ರಾಹಕರೇ ಅಲ್ಲ” ಎಂಬುದು. ಎರಡು, “ನಾವು ವಸ್ತು ಮಾರಿದ್ದೇವೆ, ಆ ವಸ್ತುವಿನಲ್ಲಿ ದೋಷವಿಲ್ಲ, ಬಿದ್ದ ಪೆಟ್ಟಿಗೆಗೂ ಮಾರಾಟಕ್ಕೂ ಸಂಬಂಧವಿಲ್ಲ” ಎಂಬುದು. ಬಿಲ್ ಇದ್ದರೆ ಮೊದಲ ತಕರಾರು ದುರ್ಬಲವಾಗುತ್ತದೆ. ಎರಡನೆಯದಕ್ಕೆ, ಸುರಕ್ಷಿತವಾದ ಜಾಗದಲ್ಲಿ ಖರೀದಿಗೆ ಅನುವು ಮಾಡಿಕೊಡುವುದೂ ಅಂಗಡಿಯ ಸೇವೆಯ ಭಾಗವೇ, ಅದರಲ್ಲಿ ನ್ಯೂನತೆಯಾಗಿದೆ ಎಂದು ವಾದಿಸಬೇಕು. ಬಿಲ್ ಆಗುವ ಮುನ್ನವೇ ಗಾಯವಾಗಿದ್ದರೆ, ಇಲ್ಲವೇ ಗಾಯಗೊಂಡವರು ಸುಮ್ಮನೆ ಜೊತೆಗೆ ಹೋದವರಾಗಿದ್ದರೆ ಸಿವಿಲ್ ನ್ಯಾಯಾಲಯವೇ ಹೆಚ್ಚು ಭದ್ರವಾದ ದಾರಿ. ಸಾಕ್ಷಿಗಳ ದೀರ್ಘ ವಿಚಾರಣೆ ಬೇಕಾಗುವ ಪ್ರಕರಣಗಳನ್ನು ಆಯೋಗ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಎನ್ನುವುದೂ ಉಂಟು.

ದಾರಿ 3: ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರದ ದಾವೆ

ಇಲ್ಲಿ ಬಿಲ್ ಬೇಕಿಲ್ಲ. ಕೊಳ್ಳಲು ಬಂದವರು, ಜೊತೆಗೆ ಬಂದವರು, ಅಂಗಡಿಯ ಮುಂದೆ ಹಾದುಹೋಗುತ್ತಿದ್ದವರು ಯಾರೇ ಆದರೂ ನಿರ್ಲಕ್ಷ್ಯದಿಂದ ಗಾಯವಾಗಿದ್ದರೆ ದಾವೆ ಹೂಡಬಹುದು. ಶಾಶ್ವತ ಅಂಗವೈಕಲ್ಯವಾಗಿದ್ದರೆ, ದುಡಿಮೆ ನಿಂತಿದ್ದರೆ, ದೊಡ್ಡ ಮೊತ್ತ ಕೇಳಬೇಕಿದ್ದರೆ ಈ ದಾರಿ ಸೂಕ್ತ.

ದಾವೆಯನ್ನು ಗಾಯವಾದ ಊರಿನಲ್ಲಿ ಅಥವಾ ಅಂಗಡಿಯವರು ವಾಸಿಸುವ, ವ್ಯಾಪಾರ ಮಾಡುವ ಊರಿನಲ್ಲಿ ಹೂಡಬೇಕು. ಕೇಳುವ ಮೊತ್ತಕ್ಕೆ ತಕ್ಕಂತೆ ನ್ಯಾಯಾಲಯ ಶುಲ್ಕವಿದೆ. ವಕೀಲರು ಬೇಕು, ಸಮಯವೂ ಹಿಡಿಯುತ್ತದೆ. ಕಾಲಮಿತಿ 3 ವರ್ಷ.

ಗಾಯಗೊಂಡದ್ದು ಮಗುವಾದರೆ ತಂದೆ ಅಥವಾ ತಾಯಿ ಮಗುವಿನ ಪರವಾಗಿ ದಾವೆ ಹೂಡುತ್ತಾರೆ. ಹಾಗೆ ಹೂಡದಿದ್ದರೂ ಮಗುವಿನ ಹಕ್ಕು ಕಳೆದುಹೋಗುವುದಿಲ್ಲ. ಅಪ್ರಾಪ್ತರಿಗೆ ಕಾಲಮಿತಿ 18 ತುಂಬಿದ ಮೇಲೆ ಶುರುವಾಗುತ್ತದೆ. ಆದರೆ ಅಷ್ಟು ವರ್ಷ ಸಾಕ್ಷ್ಯ ಉಳಿಯುವುದಿಲ್ಲ, ತಡ ಮಾಡಬೇಡಿ. ನಡೆಯುತ್ತಿರುವ ದಾವೆಯಲ್ಲಿ ಮಗುವಿನ ಪರವಾಗಿ ರಾಜಿಯಾಗಲು ನ್ಯಾಯಾಲಯದ ಅನುಮತಿ ಬೇಕು.

ಯಾರನ್ನು ಪ್ರತಿವಾದಿ ಮಾಡಬೇಕು? ಅಂಗಡಿಯ ಮಾಲೀಕರು ಮೊದಲು. ಪೆಟ್ಟಿಗೆ ಬೀಳಿಸಿದ್ದು ಕೆಲಸದ ಹುಡುಗನಾದರೂ, ಅವನು ಅಂಗಡಿಯ ಕೆಲಸ ಮಾಡುತ್ತಿದ್ದಾಗ ಆದ ತಪ್ಪಿಗೆ ಯಜಮಾನರು ಹೊಣೆ. ಮಾಲ್‌ನ ಸಾಮಾನ್ಯ ಓಡಾಟದ ಜಾಗದಲ್ಲಿ ಬಿದ್ದಿದ್ದರೆ ಮಾಲ್ ನಿರ್ವಹಣೆಯವರು, ರ‍್ಯಾಕ್ ಜೋಡಿಸಿದ್ದೇ ಸರಿಯಿಲ್ಲದಿದ್ದರೆ ಅದನ್ನು ಜೋಡಿಸಿದವರು ಸಹ ಸೇರಬಹುದು.

ದಾರಿ 4: ಪೊಲೀಸ್ ದೂರು

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 125ನೇ ಕಲಂ ಇತರರ ಜೀವಕ್ಕೆ ಅಥವಾ ಸುರಕ್ಷತೆಗೆ ಅಪಾಯ ತರುವ ನಿರ್ಲಕ್ಷ್ಯದ ಕೃತ್ಯವನ್ನು ಅಪರಾಧವೆನ್ನುತ್ತದೆ. ಗಾಯವಾದರೆ 6 ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ತೀವ್ರ ಗಾಯವಾದರೆ 3 ವರ್ಷದವರೆಗೆ ಸೆರೆವಾಸ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮೂಳೆ ಅಥವಾ ಹಲ್ಲು ಮುರಿದರೆ, 15 ದಿನ ನಿತ್ಯದ ಕೆಲಸ ಮಾಡಲಾಗದಿದ್ದರೆ ಅದು ತೀವ್ರ ಗಾಯ. ಸಾವು ಸಂಭವಿಸಿದರೆ 106ನೇ ಕಲಂ ಅಡಿ 5 ವರ್ಷದವರೆಗೆ ಶಿಕ್ಷೆ ಇದೆ.

ಪೊಲೀಸ್ ದೂರಿನಿಂದ ಹೆಚ್ಚಿನ ಹಣ ಬರುವುದಿಲ್ಲ. ಆದರೆ ಸ್ಥಳದ ಮಹಜರು, ಸಾಕ್ಷಿಗಳ ಹೇಳಿಕೆ, ಸಿಸಿಟಿವಿ ವಶ ಇವೆಲ್ಲ ದಾಖಲೆಯಾಗಿ ಉಳಿಯುತ್ತವೆ. ಪರಿಹಾರದ ಪ್ರಕರಣಕ್ಕೆ ಅವೇ ಆಧಾರವಾಗುತ್ತವೆ. ಕ್ರಿಮಿನಲ್ ಪ್ರಕರಣದಲ್ಲಿ ಶಿಕ್ಷೆಯಾಗಲೇಬೇಕು, ಆಮೇಲೆಯೇ ಪರಿಹಾರ ಎಂಬ ನಿಯಮವಿಲ್ಲ. ಎರಡೂ ಬೇರೆ ಬೇರೆ. ಸಣ್ಣ ಗಾಯಕ್ಕೆ ಪೊಲೀಸ್ ಠಾಣೆಯ ಬೆದರಿಕೆ ಹಾಕಿ ಹಣ ಕೇಳುವುದು ಮಾತ್ರ ಸರಿಯಲ್ಲ. ಅದು ನಮಗೂ ಶೋಭೆಯಲ್ಲ, ಪ್ರಕರಣಕ್ಕೂ ಒಳ್ಳೆಯದಲ್ಲ.

ಗಾಯಗೊಂಡವರು ಅಂಗಡಿಯ ಕೆಲಸಗಾರರಾದರೆ

ಸರಕು ಬಿದ್ದಾಗ ಹೆಚ್ಚು ಪೆಟ್ಟು ತಿನ್ನುವವರು ಏಣಿ ಹತ್ತುವ, ಮೂಟೆ ಹೊರುವ ಕೆಲಸಗಾರರು. ಅವರ ದಾರಿ ಬೇರೆ. ಇಎಸ್‌ಐ ಅನ್ವಯವಾಗುವ ಅಂಗಡಿಯಾದರೆ ಚಿಕಿತ್ಸೆ, ರಜೆಯ ಅವಧಿಯ ಭತ್ಯೆ, ಅಂಗವೈಕಲ್ಯದ ಭತ್ಯೆ ಇಎಸ್‌ಐ ಮೂಲಕವೇ ಸಿಗುತ್ತವೆ. ಇಎಸ್‌ಐ ಇಲ್ಲದ ಚಿಕ್ಕ ಅಂಗಡಿಯಲ್ಲಿ ನೌಕರರ ಪರಿಹಾರದ ನಿಯಮದಂತೆ ಯಜಮಾನರೇ ಕೊಡಬೇಕು. ಯಜಮಾನರ ತಪ್ಪಿತ್ತೇ ಎಂದು ಕೆಲಸಗಾರ ಸಾಬೀತು ಮಾಡಬೇಕಾಗಿಲ್ಲ. ಕೆಲಸದ ವೇಳೆ, ಕೆಲಸದ ಕಾರಣದಿಂದ ಅಪಘಾತವಾಗಿದೆ ಎಂದು ತೋರಿಸಿದರೆ ಸಾಕು.

ಏನೇನಕ್ಕೆ ಪರಿಹಾರ ಕೇಳಬಹುದು?

• ಆದ ಚಿಕಿತ್ಸೆಯ ಖರ್ಚು, ಮುಂದೆ ಆಗಬೇಕಾದ ಚಿಕಿತ್ಸೆಯ ಖರ್ಚು
• ಓಡಾಟ, ಪಥ್ಯ, ನೋಡಿಕೊಳ್ಳುವವರ ಖರ್ಚು
• ಚಿಕಿತ್ಸೆಯ ಅವಧಿಯಲ್ಲಿ ನಿಂತ ಸಂಪಾದನೆ
• ಅಂಗವೈಕಲ್ಯದಿಂದ ಮುಂದೆ ಕುಗ್ಗುವ ಸಂಪಾದನೆ
• ನೋವು, ಸಂಕಟ, ಮುಖದ ಕಲೆ, ಜೀವನದ ಸಹಜ ಸುಖಗಳ ನಷ್ಟ

ಅಂಗವೈಕಲ್ಯವನ್ನು ಶೇಕಡಾವಾರು ಅಳೆದು ವೈದ್ಯರು ಕೊಡುವ ಪ್ರಮಾಣಪತ್ರ ಮುಖ್ಯ. ಆದರೆ ಆ ಶೇಕಡಾವಾರು ಸಂಖ್ಯೆಯೇ ಕೊನೆಯ ಮಾತಲ್ಲ. ಆ ವ್ಯಕ್ತಿಯ ಕಸುಬಿಗೆ ಅದರಿಂದ ಎಷ್ಟು ಧಕ್ಕೆಯಾಯಿತು ಎಂದು ನೋಡಬೇಕೆಂದು ರಾಜ್ ಕುಮಾರ್ ಮತ್ತು ಅಜಯ್ ಕುಮಾರ್ ನಡುವಿನ ವಾಹನ ಅಪಘಾತ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿವರಿಸಿದೆ. ಬಲಗೈ ಬೆರಳು ಮಡಚಲಾಗದಿದ್ದರೆ ಅಕ್ಕಸಾಲಿಗನಿಗೆ ಆಗುವ ನಷ್ಟ, ಗುಮಾಸ್ತನಿಗೆ ಆಗುವ ನಷ್ಟ ಒಂದೇ ಅಲ್ಲ.

ಗೃಹಿಣಿಯರು “ನನಗೆ ಸಂಪಾದನೆ ಇಲ್ಲವಲ್ಲ, ಏನು ಕೇಳುವುದು” ಎನ್ನಬಾರದು. ಮನೆಗೆಲಸಕ್ಕೆ, ಗೃಹಿಣಿಯ ಸೇವೆಗೆ ಹಣದ ಮೌಲ್ಯವಿದೆ ಎಂದು ಸುಪ್ರೀಂ ಕೋರ್ಟ್ 2001ರಲ್ಲೇ, ಜಮ್‌ಶೆಡ್‌ಪುರದ ಬೆಂಕಿ ದುರಂತಕ್ಕೆ ಸಂಬಂಧಿಸಿದ ಲತಾ ವಾಧ್ವಾ ಪ್ರಕರಣದಲ್ಲಿ ಒಪ್ಪಿದೆ.

ಲೆಕ್ಕ ಮಾತ್ರ ಸತ್ಯವಾಗಿರಲಿ. ಇಲ್ಲದ ಬಿಲ್ ಸೇರಿಸುವುದು, ಹಳೆಯ ಮಂಡಿನೋವನ್ನು ಇದರ ಖಾತೆಗೆ ಬರೆಯುವುದು ಸತ್ಯಾಣುವ್ರತಕ್ಕೂ ಭಂಗ, ಪ್ರಕರಣಕ್ಕೂ ಅಪಾಯ. ಒಂದು ಸುಳ್ಳು ಬಿಲ್ ಸಿಕ್ಕಿಬಿದ್ದರೆ ಉಳಿದ ನಿಜವಾದ ಬಿಲ್‌ಗಳನ್ನೂ ಅನುಮಾನದಿಂದ ನೋಡುತ್ತಾರೆ.

ಅಂಗಡಿಗೆ ಬರೆಯುವ ಪತ್ರದ ಮಾದರಿ

“ದಿನಾಂಕ ……ರಂದು ಮಧ್ಯಾಹ್ನ …… ಗಂಟೆಗೆ ನಿಮ್ಮ ಅಂಗಡಿಯಲ್ಲಿ ಖರೀದಿ ಮಾಡುತ್ತಿದ್ದಾಗ ಮೇಲಿನ ರ‍್ಯಾಕ್‌ನಲ್ಲಿದ್ದ …… ನನ್ನ ತಾಯಿಯವರ ಮೇಲೆ ಬಿದ್ದು …… ಭಾಗಕ್ಕೆ ಗಾಯವಾಗಿದೆ. …… ಆಸ್ಪತ್ರೆಯಲ್ಲಿ ಚಿಕಿತ್ಸೆ ನಡೆಯುತ್ತಿದೆ. ಬಿಲ್ ಸಂಖ್ಯೆ ……. ಆ ದಿನದ ಸಿಸಿಟಿವಿ ದೃಶ್ಯವನ್ನು ಅಳಿಸದೆ ಕಾಪಾಡಿ, ಅದರ ಪ್ರತಿಯನ್ನು ನಮಗೆ ಕೊಡಬೇಕು. ನಿಮ್ಮ ಅಂಗಡಿಗೆ ಇಂಥ ಘಟನೆಗಳ ವಿಮೆ ಇದ್ದರೆ ಅದರ ವಿವರ ತಿಳಿಸಿ, ವಿಮಾ ಕಂಪನಿಗೂ ತಿಳಿಸಬೇಕು. ಚಿಕಿತ್ಸೆಯ ವೆಚ್ಚ ಹಾಗೂ ಪರಿಹಾರದ ಬಗ್ಗೆ 15 ದಿನಗಳೊಳಗೆ ಉತ್ತರ ಕೊಡಬೇಕೆಂದು ಕೋರುತ್ತೇನೆ. ಇದು ನಮ್ಮ ಇತರ ಕಾನೂನುಬದ್ಧ ಹಕ್ಕುಗಳಿಗೆ ಬಾಧೆಯಿಲ್ಲದೆ ಬರೆದ ಪತ್ರ.”

ಇದನ್ನು ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ, ವಾಟ್ಸ್‌ಆ್ಯಪ್‌ನಲ್ಲೂ ಕಳುಹಿಸಿ. ಸಿಸಿಟಿವಿ ದೃಶ್ಯದ ಪ್ರತಿಯನ್ನು ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಅದನ್ನು ವಕೀಲರ ಸಲಹೆಯಂತೆ ಮಾಡಿಸಿ.

ಅಂಗಡಿ ನಡೆಸುವ ನಮ್ಮವರಿಗೆ

1. ಭಾರದ ಸರಕು ಕೆಳಗೆ, ಹಗುರವಾದದ್ದು ಮೇಲೆ. ರ‍್ಯಾಕನ್ನು ಗೋಡೆಗೆ ಬಿಗಿಯಿರಿ, ಮೇಲಿನ ಸಾಲಿಗೆ ತಡೆಪಟ್ಟಿ ಹಾಕಿಸಿ.
2. ಮೇಲಿನಿಂದ ಸರಕು ಇಳಿಸುವಾಗ ಕೆಳಗಿನ ಜಾಗ ಖಾಲಿಯಿರಲಿ. ಹಬ್ಬದ ಗದ್ದಲದಲ್ಲಿ ಬೇಕಾಗುವ ದಾಸ್ತಾನನ್ನು ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಇಳಿಸಿಟ್ಟುಕೊಳ್ಳಿ.
3. ವಿಮೆಯ ಕಾಗದ ತೆಗೆದು ನೋಡಿ, ಮೂರನೆಯವರ ಗಾಯದ ಹೊಣೆ ಸೇರಿದೆಯೇ ಎಂದು ಖಚಿತಪಡಿಸಿಕೊಳ್ಳಿ. 1991ರ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಅಪಾಯಕಾರಿ ರಾಸಾಯನಿಕಗಳಂಥ ವಸ್ತುಗಳಿಗೆ ಸಂಬಂಧಿಸಿದ್ದು, ಅದಕ್ಕೂ ಇದಕ್ಕೂ ಗೊಂದಲ ಬೇಡ.
4. ಘಟನೆ ನಡೆದರೆ ಮೊದಲು ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ಯಾರಾದರೂ ಜೊತೆಗೆ ಹೋಗಿ. ವಿಮಾ ಕಂಪನಿಗೆ ತಡಮಾಡದೆ ತಿಳಿಸಿ, ಅವರನ್ನು ಕೇಳದೆ ಮೊತ್ತ ಒಪ್ಪಿಕೊಳ್ಳಬೇಡಿ. ಸಿಸಿಟಿವಿ ದೃಶ್ಯ ಅಳಿಸಬೇಡಿ. ಅಳಿಸಿದರೆ ಮುಚ್ಚಿಡಲು ಏನೋ ಇತ್ತು ಎಂಬ ಅನುಮಾನಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ.

ಮಾರನೆಯ ದಿನ ಯಜಮಾನರೇ ಆಸ್ಪತ್ರೆಗೆ ಹೋಗಿ ಕೈಮುಗಿದು ವಿಚಾರಿಸಿಕೊಂಡರೆ ಮಾತುಕತೆಯ ಬಾಗಿಲು ತೆರೆದೇ ಇರುತ್ತದೆ. ಫೋನ್ ಎತ್ತದೆ ತಪ್ಪಿಸಿಕೊಂಡರೆ, ಕೋರ್ಟಿಗೆ ಹೋಗುವ ಮನಸ್ಸಿಲ್ಲದವರೂ ಹೋಗುತ್ತಾರೆ.

ನೆನಪಿಡಬೇಕಾದ ಅವಧಿಗಳು

• ಸಿಸಿಟಿವಿ ಕಾಪಾಡಲು ಪತ್ರ: ಸಾಧ್ಯವಾದರೆ ಅದೇ ದಿನ
• ಗ್ರಾಹಕ ಆಯೋಗಕ್ಕೆ ದೂರು: 2 ವರ್ಷ
• ಜಿಲ್ಲಾ ಆಯೋಗದ ಆದೇಶದ ಮೇಲೆ ರಾಜ್ಯ ಆಯೋಗಕ್ಕೆ ಮೇಲ್ಮನವಿ: 45 ದಿನ
• ಸಿವಿಲ್ ದಾವೆ: 3 ವರ್ಷ

ಪ್ರತಿ ಪ್ರಕರಣದ ಸಂಗತಿ ಬೇರೆ. ಗಾಯ ದೊಡ್ಡದಿದ್ದರೆ ಕಾಗದಪತ್ರಗಳೊಂದಿಗೆ ವಕೀಲರನ್ನು ಕಂಡ ಮೇಲೆಯೇ ದಾರಿ ಆರಿಸಿಕೊಳ್ಳಿ.

ಕ್ಷಮಾವಣಿಯ ದಿನ ಒಬ್ಬರನ್ನೊಬ್ಬರು ಕ್ಷಮೆ ಕೇಳುವ ಸಮಾಜ ನಮ್ಮದು. ಗಾಯಗೊಂಡವರು ಕೋಪವಿಲ್ಲದೆ ಕೇಳಲಿ, ಅಂಗಡಿಯವರು ಹಿಂಜರಿಯದೆ ಹೊಣೆ ಹೊರಲಿ. ಅದಕ್ಕೂ ಮುಂಚೆ, ಮೇಲಿನ ಸಾಲಿನಲ್ಲಿ ಅಂಚಿಗೆ ಬಂದಿರುವ ಆ ಪೆಟ್ಟಿಗೆಯನ್ನು ಇವತ್ತೇ ಕೆಳಗಿಳಿಸಿ.